ಅಕ್ಕ ಎಲೆ ಬಿಡುವವಳಲ್ಲ

ಅಕ್ಕನ ಬಲಗಾಲು ಮುರಿದು ಪ್ಲಾಸ್ಟರ್ ಹಾಕಿದ್ದರು. ಆರು ವಾರ ಹೊಲಿಗೆ ಮಷಿನ್ ತುಳಿಯುವಂತಿರಲಿಲ್ಲ. ಶಹಾಪುರದ ಮನೆಯಲ್ಲಿ ಸುಮ್ಮನೆ ಕೂತು ಕೂತು, ಬ್ಲೌಸ್ ಕೇಳಲು ಬಂದವರನ್ನೆಲ್ಲ ಬೈಯತೊಡಗಿದ್ದಳು. ಹೀಗಾಗಿ ಪ್ರತಿ ರವಿವಾರ ಯಾದಗಿರಿಯಿಂದ ಬಸ್ಸು ಹಿಡಿದು ಹೋಗುತ್ತಿದ್ದೆ. ಹೊತ್ತು ಹೋಗಲೆಂದು ಪೋಕರ್ ಎಂಬ ಇಸ್ಪೀಟಾಟ ಕಲಿಸಿದವನು ನಾನೇ. ಆ ತಪ್ಪನ್ನು ಬೇರೆಯವರ ಮೇಲೆ ಹಾಕುವಂತಿಲ್ಲ.

ಆಟವೇನೂ ಕಷ್ಟದ್ದಲ್ಲ. ಇಬ್ಬರ ಕೈಯಲ್ಲೂ ಎರಡೆರಡು ಎಲೆ. ನಡುವೆ ಮೊದಲು ಮೂರು ಎಲೆ ತೆರೆಯಬೇಕು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಕೈಯಲ್ಲಿನವನ್ನೂ ನಡುವಿನವನ್ನೂ ಕೂಡಿಸಿ ಯಾರ ಐದೆಲೆ ಮೇಲೋ ಅವರದೇ ಗೆಲುವು. ಪ್ರತಿ ಸಲವೂ ಪಣ ಒಡ್ಡಬಹುದು, ಧೈರ್ಯವಿಲ್ಲದಿದ್ದರೆ ಎಲೆ ಬಿಡಬಹುದು. ನಮ್ಮ ಪಣ ಹುಣಸೆ ಬೀಜ.

ಎರಡನೇ ರವಿವಾರ ನನ್ನ ಕೈಗೆ ಆಟೀನಿನ ಹತ್ತು ಮತ್ತು ಗುಲಾಮ ಬಂದವು. ನಡುವೆ ಬಿದ್ದದ್ದು ಆಟೀನಿನ ಒಂಬತ್ತು, ಆಟೀನಿನ ಎರಡು, ಒಂದು ಕಪ್ಪು ರಾಣಿ. ಇನ್ನೊಂದು ಆಟೀನ್ ಬಂದರೆ ಒಂದೇ ಜಾತಿಯ ಐದು ಎಲೆಯಾಗಿ ನಾನು ಗೆದ್ದಂತೆ. ಎಂಟೋ ರಾಜನೋ ಬಂದರೂ ಐದರ ಸಾಲು ಪೂರ್ತಿ. ಎಣಿಸಿದೆ: ಹದಿನೈದು ಎಲೆ ನನ್ನ ಪರವಾಗಿದ್ದವು. ಇಂಥ ಕೈ ಬಂದಾಗ ಕಾಯುತ್ತ ಕೂರಬಾರದು, ಜೋರಾಗಿ ಪಣ ಏರಿಸಬೇಕು. ಎದುರಿನವರು ಹೆದರಿ ಬಿಟ್ಟರೆ ಆಗಲೇ ಗೆಲುವು, ಬಿಡದಿದ್ದರೆ ಹದಿನೈದು ಎಲೆಗಳ ಆಸರೆ. ಎರಡು ಮುಷ್ಟಿ ಬೀಜ ನೂಕಿದೆ.

ಅಕ್ಕ ತಲೆಯೂ ಎತ್ತದೆ ಅಷ್ಟೇ ನೂಕಿದಳು. ಮುಂದಿನದು ಕಪ್ಪು ನಾಲ್ಕು. ಉಳಿದ ಬೀಜಗಳನ್ನೆಲ್ಲ ಸುರಿದೆ. ಅವಳೂ ಸುರಿದಳು. ಕೊನೆಗೆ ಬಂತು ಕಪ್ಪು ಏಳು.

ಅವಳ ಕೈಯಲ್ಲಿದ್ದದ್ದು ಎರಡರ ಒಂದು ಎಲೆ, ಏಳರ ಒಂದು ಎಲೆ. ಆಟ ಶುರು ಮಾಡಲು ಅದಕ್ಕಿಂತ ಕೆಟ್ಟ ಕೈ ಇಲ್ಲ ಎನ್ನುತ್ತಾರೆ. ಆದರೆ ನಡುವಿನ ಎರಡೂ ಏಳೂ ಕೂಡಿ ಎರಡು ಜೋಡಿಯಾಗಿ, ಬೀಜವೆಲ್ಲ ಅವಳ ಪಾಲಾಯಿತು.

"ನಾ ಅಷ್ಟು ಏರಿಸಿದಾಗ ನೀ ಬಿಡಬೇಕಾಗಿತ್ತಕ್ಕಾ!"

"ಯಾಕ ಬಿಡ್ಲಿ? ನನ್ನ ಹಂತೇಲಿ ಎರಡರ ಜೋಡಿ ಇತ್ತು. ನಿನ್ನ ಹಂತೇಲಿ ಏನಿತ್ತು?"

"ಏನೂ ಇರ್ಲಿಲ್ಲ. ಆದ್ರ ಬರೋದಿತ್ತು."

"ಬಂದ ಮ್ಯಾಲ ಹೇಳು ತಮ್ಮಾ."

ಹದಿನೈದು ಎಲೆಯ ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಿದೆ. ಅವಳು ಆ ಹಾಳೆಯನ್ನು ಮಡಚಿ ಬೀಸಣಿಕೆ ಮಾಡಿಕೊಂಡಳು.

ಎಂದೂ ಎಲೆ ಬಿಡದವಳನ್ನು ಹೆದರಿಸಿ ಫಲವಿಲ್ಲ ಎಂದು ಮುಂದಿನ ರವಿವಾರ ಉಪಾಯ ಬದಲಿಸಿದೆ. ಮತ್ತೆ ನನಗೆ ನಾಲ್ಕು ಆಟೀನ್ ಕೂಡಿದಾಗ, ಏರಿಸದೆ ಸುಮ್ಮನೆ ಅವಳ ಪಣಕ್ಕೆ ಸರಿಗಟ್ಟುತ್ತ ಕಾದೆ. ಕೊನೆಯ ಎಲೆ ಆಟೀನೇ ಬಂತು. ಮೆಲ್ಲಗೆ ಒಂದು ಮುಷ್ಟಿ ಬೀಜ ಮುಂದಿಟ್ಟೆ. ಅಕ್ಕ ಮೊದಲ ಬಾರಿಗೆ ಎಲೆಗಳನ್ನು ಮಗುಚಿಟ್ಟಳು.

"ಈಗ್ಯಾಕ ಬಿಟ್ಟಿ?"

"ನಿನ್ನ ಮಾರಿ ನೋಡಿದೆ. ಸಣ್ಣಾಂವ ಇದ್ದಾಗ ಬೆಲ್ಲ ಕದ್ದು ತಿಂದು ಹಿಂಗ ಕೂಡ್ತಿದ್ದಿ."

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಮೊಬೈಲಿನಲ್ಲಿ ಗುರುತಿಲ್ಲದವರ ಜೊತೆ ಆಡಿ ಕಲಿತ ವಿದ್ಯೆಯೆಲ್ಲ ನನ್ನನ್ನು ಎತ್ತಿ ಬೆಳೆಸಿದವಳ ಮುಂದೆ ಮಣ್ಣುಪಾಲಾಯಿತು. ಪ್ಲಾಸ್ಟರ್ ಬಿಚ್ಚುವವರೆಗೂ ಒಂದೇ ಒಂದು ದಿನವೂ ನಾನು ಗೆಲ್ಲಲಿಲ್ಲ.

ಬಿಚ್ಚಿದ ವಾರ ಹೋದಾಗ ನಾನು ಎಲೆ ಕಲೆಸುತ್ತಿದ್ದೆ. ಅವಳು ಗೋಡೆ ಹಿಡಿದು ಎದ್ದು ನಿಂತಿದ್ದಳು. "ಅದನ್ನ ಇಡು. ಮೂಲಿ ಅಂಗಡಿ ತನಕ ನಡೀಬೇಕಾಗ್ಯಾದ, ಬಾ."

ಬಿಸಿಲಿನಲ್ಲಿ ಹೊರಟೆವು. ಎರಡೂ ಏಳೂ ಹಿಡಿದು ಯಾರೂ ಆಡುವುದಿಲ್ಲ ಎಂದು ನಾನು ದಾರಿಯುದ್ದಕ್ಕೂ ವಾದಿಸುತ್ತಲೇ ಇದ್ದೆ. ಅಕ್ಕ ನನ್ನ ಭುಜವನ್ನು ಬಿಗಿಯಾಗಿ ಹಿಡಿದಿದ್ದಳು.

"ಆತು ಬಿಡೋ, ಸಾವಕಾಶ ನಡಿ," ಎಂದಳು. "ಕಾಲು ಇನ್ನಾ ನೋಯ್ತದ."