ಹುರಿಯದೆ ಬಿಟ್ಟ ಬೀಜ

ನನ್ನ ಕೈಗೆ ಯಾವುದೇ ಬೀಜ ಕೊಟ್ಟು ನೋಡಿ, ಮೊದಲು ಹುರಿಯುತ್ತೇನೆ, ಆಮೇಲೆ ಅದರ ಹೆಸರು ಕೇಳುತ್ತೇನೆ. ಇದು ನಮ್ಮ ಮನೆತನದ ಚಟ. ಗದಗದ ನಮ್ಮ ಮನೆಯಲ್ಲಿ ಕೊತ್ತಂಬರಿ, ಜೀರಿಗೆ, ಮೆಂತ್ಯ, ಅಜವಾನ ಯಾವುದೂ ಬಾಣಲೆ ಕಾಣದೆ ಡಬ್ಬಿ ಸೇರಿದ್ದಿಲ್ಲ. ಹುರಿ, ಕುಟ್ಟು, ಕುದಿಸು, ಕುಡಿ: ನಮ್ಮ ವೈದ್ಯಶಾಸ್ತ್ರವೆಲ್ಲ ಇಷ್ಟೇ. ಸಮುದ್ರದಾಚೆಯ ಈ ಪೊರಿರುವಾ ಊರಿಗೆ ಬಂದು ಹದಿನಾರು ವರ್ಷವಾಯಿತು, ನನ್ನ ಕಷಾಯದ ಪುಡಿ ಒಮ್ಮೆಯೂ ಮುಗಿದಿಲ್ಲ. ಇಲ್ಲಿನ ಕನ್ನಡದವರ ಮನೆಯಲ್ಲಿ ಯಾರಾದರೂ ಸೀನಿದರೆ ನನಗೆ ಫೋನ್ ಬರುತ್ತದೆ. ಕೇಳದವರಿಗೂ ಸಲಹೆ ಕೊಡುತ್ತೇನೆಂದು ಮಗಳು ಅನಘಾ ದೂರುತ್ತಾಳೆ. ಅವಳ ಅಭಿಪ್ರಾಯವನ್ನೂ ಯಾರೂ ಕೇಳಿಲ್ಲ.

ಇಂಥ ನನಗೇ ಕೆಮ್ಮು ಬಂತು ನೋಡಿ! ಜ್ವರ ಎರಡು ದಿನಕ್ಕೆ ಬಿಟ್ಟಿತು, ಕೆಮ್ಮು ಬಿಡಲಿಲ್ಲ. ಡಾಕ್ಟರು ಎದೆ ಪರೀಕ್ಷಿಸಿ, ಸೋಂಕು ಹೋಗಿದೆ, ಇದು ಬರೀ ಗಂಟಲಿನ ಕೆರಳಿಕೆ, ಮೂರು ವಾರದಲ್ಲಿ ತಾನಾಗಿ ಹೋದೀತು ಎಂದರು. ನಾನು ದಿನಕ್ಕೆ ಮೂರು ಲೋಟ ಕಷಾಯ ಇಳಿಸಿದೆ. ಕೆಮ್ಮಿಗೆ ಅದು ಬಹಳ ರುಚಿಸಿರಬೇಕು, ಇನ್ನೂ ಜೋರಾಯಿತು.

ಬೇರೆ ದಿನಗಳಾಗಿದ್ದರೆ ಕೆಮ್ಮಿಕೊಂಡೇ ಇರುತ್ತಿದ್ದೆ. ಆದರೆ ಆ ಶನಿವಾರ ನನ್ನ ತಮ್ಮ ವಿನಯನ ಮಗಳನ್ನು ತೊಟ್ಟಿಲಿಗೆ ಹಾಕುವುದಿತ್ತು. ಹನ್ನೊಂದು ವರ್ಷ ಕಾದ ಮೇಲೆ ಹುಟ್ಟಿದ ಕೂಸು. ನಮ್ಮ ಕಡೆ ಹೆಸರು ಕರೆಯುವ ಹಕ್ಕು ಸೋದರತ್ತೆಯದು. ಕೂಸಿನ ಕಿವಿಗೆ ಬಾಯಿಟ್ಟು 'ಕುರ್ರ್' ಎಂದು ಹೆಸರು ಹೇಳಬೇಕು. ಆಗ ಹಿಂದೆ ನಿಂತ ಹೆಂಗಸರೆಲ್ಲ ಅವಳ ಬೆನ್ನಿಗೆ ಧಪಧಪ ಗುದ್ದುತ್ತಾರೆ. ಯಾಕೆ ಗುದ್ದುತ್ತಾರೆಂದು ಎಷ್ಟೋ ಜನರನ್ನು ಕೇಳಿದ್ದೇನೆ. ಗುದ್ದುವವರಿಗೂ ಗೊತ್ತಿಲ್ಲ, ಉತ್ಸಾಹ ಮಾತ್ರ ವಿಪರೀತ. ಈ ಕೂಸಿಗೆ ಇರುವ ಅತ್ತೆ ನಾನೊಬ್ಬಳೇ.

ವಿನಯನ ಹೆಂಡತಿ ದೀಪಾ ನರ್ಸು. ಕೂಸನ್ನು ನೋಡಲು ಹೋದ ನನ್ನನ್ನು ಅವಳು ಬಾಗಿಲಲ್ಲೇ ತಡೆದಳು. "ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಡಾಕ್ಟರ್ ಏನರೆ ಹೇಳ್ಲಿ, ಕೆಮ್ಮವ್ರನ್ನ ನಾ ಕೂಸಿನ ಹತ್ರ ಬಿಡಂಗಿಲ್ಲ. ಶನಿವಾರನೂ ಕೆಮ್ಮು ಇತ್ತಂದ್ರ ಶಬಾನಾ ಹೆಸರು ಕರೀತಾಳ."

ಶಬಾನಾ ದೀಪಾಳ ಹಳೆಯ ಫ್ಲಾಟ್‌ಮೇಟ್, ಬಂಗಾರದಂಥ ಹುಡುಗಿ. ಸುಳ್ಳೇಕೆ ಹೇಳಲಿ, ಅವಳನ್ನು ನೆನೆದು ನನ್ನ ಹೊಟ್ಟೆ ಉರಿದುಹೋಯಿತು. ಮನೆಗೆ ಬಂದು ಅತ್ತುಬಿಟ್ಟೆ. ಅತ್ತರೆ ಕೆಮ್ಮು ಹೆಚ್ಚುತ್ತದೆ ಎಂದು ಆಗ ತಿಳಿಯಿತು.

ಬೇಲಿಯಾಚೆ ಮೇ ಆಂಟಿ ಇದ್ದಾರೆ. ಚೀನಾದ ದಕ್ಷಿಣ ಭಾಗದವರು, ಎಪ್ಪತ್ತು ದಾಟಿದವರು. ಬುಧವಾರ ಬೇಲಿಯ ಮೇಲಿಂದ ಒಂದು ಕಾಗದದ ಪೊಟ್ಟಣ ಚಾಚಿ, "ನಿನ್ನ ಕೆಮ್ಮು ಕೇಳಿ ಕೇಳಿ ನನ್ನ ಗಂಟಲು ನೋಯುತ್ತಿದೆ" ಎಂದರು. ಒಳಗೆ ಆರು ಬೀಜ. ಅಳಲೆಕಾಯಿಯ ಹಾಗೆ ಕಂದಾಗಿ, ಸುಕ್ಕುಸುಕ್ಕಾಗಿ ಇದ್ದವು. ಹೆಸರು ಪಾಂಗ್ ದಾ ಹಾಯ್. ದಪ್ಪನೆಯ ದೊಡ್ಡ ಸಮುದ್ರ ಎಂದು ಅರ್ಥವಂತೆ. ಅವರ ಕಡೆ ಹಾಡುವವರು, ಪಾಠ ಹೇಳುವವರು ಗಂಟಲು ಕೆಟ್ಟರೆ ಇದನ್ನೇ ನೆಚ್ಚುತ್ತಾರಂತೆ. ಬೆರಳುಗುರಿನಷ್ಟು ಬೀಜಕ್ಕೆ ಸಮುದ್ರದ ಹೆಸರೇ ಎಂದು ನಕ್ಕೆ. "ಬಿಸಿನೀರು, ಒಂದು ಬೀಜ. ಆಮೇಲೆ ಸುಮ್ಮನೆ ಕಾಯಬೇಕು" ಎಂದರು ಆಂಟಿ.

ಸುಮ್ಮನೆ ಕಾಯುವುದು! ನಾನು? ಪಾಪ, ಮುದುಕಿಗೆ ಅರ್ಧ ವಿದ್ಯೆ ಗೊತ್ತಿದೆ, ಉಳಿದರ್ಧ ನಾನು ಸೇರಿಸಿದರಾಯಿತು ಎಂದುಕೊಂಡು ಎರಡು ಬೀಜ ಹುರಿದೆ. ಮೆಣಸು ಸೇರಿಸಿ ಮಿಕ್ಸಿಗೆ ಹಾಕಿದೆ. ಪುಡಿಯನ್ನು ಲೋಟಕ್ಕೆ ಸುರಿದು ಬಿಸಿನೀರು ಹೊಯ್ದು, ಫೋನ್ ಬಂತೆಂದು ಆಚೆ ಹೋದೆ. ಬಂದು ನೋಡಿದರೆ ಚಮಚ ನೆಟ್ಟಗೆ ನಿಂತಿದೆ. ಲೋಟ ಬೋರಲು ಹಾಕಿದೆ, ಒಂದು ಹನಿ ಬೀಳಲಿಲ್ಲ. ಅನಘಾ ಬಗ್ಗಿ ನೋಡಿ "ಮಮ್, ಇಟ್ಸ್ ಅಲೈವ್!" ಎಂದು ಕಿರುಚಿದಳು. ಲೋಟ ಅಲ್ಲಾಡಿಸಿದೆ. ಒಳಗಿನದೂ ಅಲ್ಲಾಡಿತು.

ಮರುದಿನ ಬೇಲಿಗೆ ಹೋಗಿ ತಪ್ಪೊಪ್ಪಿಕೊಂಡೆ. ಮೇ ಆಂಟಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ನಮ್ಮ ಅಡುಗೆಮನೆಗೇ ಬಂದು, ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಚಮಚವನ್ನು ದೂರ ಇಟ್ಟರು. ಕಪ್ಪಿನಲ್ಲಿ ಒಂದೇ ಬೀಜ. ಸಿಪ್ಪೆ ಮೆಲ್ಲಗೆ ಬಿರಿಯಿತು. ಒಳಗಿಂದ ಕಂದುಬಣ್ಣದ ಮೆದು ತಿರುಳು ಅರಳುತ್ತ ಅರಳುತ್ತ ಕಪ್ಪೆಲ್ಲ ತುಂಬಿತು. ಹತ್ತು ನಿಮಿಷ ನಾನು ಏನೂ ಮಾಡಲಿಲ್ಲ. ನನ್ನ ಜೀವನದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಆ ನೀರನ್ನು ಗುಟುಕು ಗುಟುಕಾಗಿ ಕುಡಿದೆ. ಗಂಟಲಿಗೆ ಹಾಯೆನಿಸಿತು. ಶುಕ್ರವಾರ ಒಂದು ಕುಡಿದೆ, ಶನಿವಾರ ಬೆಳಿಗ್ಗೆ ಇನ್ನೊಂದು.

ತೊಟ್ಟಿಲ ಹತ್ತಿರ ದೀಪಾ ಕಾವಲು ನಿಂತಿದ್ದಳು. ಪಕ್ಕದಲ್ಲಿ ಶಬಾನಾ ಹೊಸ ಸೀರೆಯುಟ್ಟು ತಯಾರಾಗಿಯೇ ಬಂದಿದ್ದಳು. ನಾನು ಬೆಳಗಿನಿಂದ ಒಂದು ಸಲವೂ ಕೆಮ್ಮಿರಲಿಲ್ಲ. ಬಗ್ಗುವಾಗ ಗಂಟಲಲ್ಲಿ ಸಣ್ಣಗೆ ಕೆರೆಯಿತು. ಉಗುಳು ನುಂಗಿದೆ. ಕುರ್ರ್ ಎಂದು, "ತುಂಗಾ" ಎಂದೆ. ಶುರುವಾಯಿತು ನೋಡಿ ಗುದ್ದು! ನಮ್ಮವರೆಲ್ಲ ಹಬ್ಬ ಮಾಡಿದರು. ಅದರಲ್ಲೊಂದು ಕೈ ಎಲುಬು ನಡುಗುವಂತೆ ಬಿತ್ತು. ಓರೆಗಣ್ಣಿನಲ್ಲಿ ನೋಡಿದರೆ ನಾನೇ ಕರೆದುಕೊಂಡು ಬಂದಿದ್ದ ಮೇ ಆಂಟಿ, ತಮ್ಮ ಔಷಧಿಯನ್ನು ತಾವೇ ಪರೀಕ್ಷಿಸುತ್ತಿದ್ದರು. ನಾನು ಕೆಮ್ಮಲಿಲ್ಲ. ಇನ್ನೊಂದು ಕಿವಿಗೆ ಇನ್ನೊಂದು ಸಲ, ಗಟ್ಟಿಯಾಗಿ, "ತುಂಗಾ!" ಕೂಸು ಕಣ್ಣರಳಿಸಿ ನನ್ನನ್ನೇ ನೋಡಿತು. ಗೆದ್ದೆ! ಅಲ್ಲೇ ಕುಣಿದುಬಿಡುತ್ತಿದ್ದೆ, ಬೆನ್ನು ಬಿಡಲಿಲ್ಲ.

"ಡಾಕ್ಟರ್ ಹೇಳಿದ ಮೂರು ವಾರ ನಿನ್ನೆಗೇ ಮುಗೀತ್ರಿ ಅಕ್ಕಾರ, ತಾನ ಹೋಗೇತಿ" ಎಂದಳು ದೀಪಾ. ಇರಬಹುದು. ಗೆದ್ದ ದಿನ ನಾನು ವಾದಕ್ಕೆ ಇಳಿಯುವುದಿಲ್ಲ.

ಭಾನುವಾರ ಅವಳೇ ನಮ್ಮ ಬಾಗಿಲಿಗೆ ಬಂದಳು. ಬಂದವರನ್ನೆಲ್ಲ ಕೂಗಿ ಕೂಗಿ ಮಾತಾಡಿಸಿ ವಿನಯನ ಗಂಟಲು ಕಟ್ಟಿತ್ತು. "ಆ ಬೀಜ ಒಂದರೆ ಉಳದೈತೇನ್ರಿ?" ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ಕೊನೆಯ ಬೀಜವನ್ನು ಅವಳ ಅಂಗೈಯಲ್ಲಿ ಇಟ್ಟೆ. ತಿರುಗಿಸಿ ಮುರುಗಿಸಿ ನೋಡಿ, "ಹುರದು ಪುಡಿ ಮಾಡ್ಲೇನ್ರಿ?" ಎಂದಳು.

"ಏನೂ ಮಾಡಬ್ಯಾಡವಾ" ಎಂದೆ. "ಬಿಸಿನೀರಾಗ ಹಾಕಿ ಸುಮ್ನ ಕೂಡು. ಹನ್ನೊಂದು ವರ್ಷ ಕಾದಾಕಿಗೆ ಹತ್ತು ನಿಮಿಷ ಏನು ದೊಡ್ಡದು?"