ಅಂಗಳದವರನ್ನು ನೋಡುತ್ತಿದ್ದ ಕಣ್ಣು

ಕಳೆದ ತಿಂಗಳು ನಮ್ಮ ಬೈಲಹೊಂಗಲದ ಮನೆಗೆ ಒಂದು ನೋಟ್‌ಬುಕ್ ಬಂತು. ತಂದವಳು ರೇಣುಕಾ. ಹೈಸ್ಕೂಲಿನಲ್ಲಿ ನನ್ನಲ್ಲಿ ಕನ್ನಡ ಕಲಿತವಳು. ಈಗ ಧಾರವಾಡದಲ್ಲಿ ಚಿತ್ರಕಲೆಯ ಕೊನೆಯ ವರ್ಷದಲ್ಲಿದ್ದಾಳೆ.

"ಸರ, ಇದನ್ನ ಒಂದೀಟು ತಿದ್ದಿ ಕೊಡ್ರಿ. ಪರೀಕ್ಷಾಕ ಇಡೂದೈತಿ" ಎಂದಳು.

ಏನಿದು ಎಂದು ಕೇಳಿದೆ. ಕಲಾವಿದರನ್ನೂ ಹಳೆಯ ಕಲೆಯನ್ನೂ ಇದ್ದಲ್ಲಿಗೇ ಹೋಗಿ ನೋಡಿ, ಕಂಡದ್ದನ್ನು ಬರೆಯಬೇಕು. ಕೊನೆಯಲ್ಲಿ, ತಾನು ಕುಂಚ ಹಿಡಿಯಲು ಪ್ರೇರಣೆ ಯಾರು ಎಂಬುದನ್ನೂ ಬರೆಯಬೇಕು. ಅದು ಅವರ ಪ್ರೊಜೆಕ್ಟ್. ಒಳ್ಳೆಯ ಪದ್ಧತಿ ಎಂದು ಮನಸ್ಸಿನಲ್ಲಿಯೇ ಮೆಚ್ಚಿದೆ.

ಮರುದಿನ ಪೂಜೆ ಮುಗಿಸಿ ಕೆಂಪು ಪೆನ್ನು ಹಿಡಿದು ಕುಳಿತೆ. (ನಿವೃತ್ತಿಯಾಗಿ ಆರು ವರ್ಷಗಳಾದವು. ಕೆಂಪು ಪೆನ್ನಿಗೆ ಮಾತ್ರ ನಿವೃತ್ತಿ ಸಿಕ್ಕಿಲ್ಲ.) ಮೊದಲ ಅಧ್ಯಾಯ, ಕಿತ್ತೂರಿನ ಹೈವೇ ಬದಿಯಲ್ಲಿ ಲಾರಿಗಳ ಬೆನ್ನಿಗೆ ನವಿಲು ಬರೆಯುವ ಒಬ್ಬ ಪೇಂಟರ್ ಕುರಿತು. ಎರಡನೆಯದು, ದೇಗಾಂವದ ಕಮಲನಾರಾಯಣ ಗುಡಿಯಲ್ಲಿ ಮೂರು ದಿನ ಕುಳಿತು ಅವಳು ಬರೆದುಕೊಂಡ ರೇಖಾಚಿತ್ರಗಳ ಕುರಿತು. ಅಲ್ಲೊಂದು ಮಹಾಪ್ರಾಣ ಸೇರಿಸಿದೆ, ಇಲ್ಲೊಂದು ಒತ್ತು ಕಡಿಮೆ ಮಾಡಿದೆ. ಮೂರನೆಯ ಅಧ್ಯಾಯಕ್ಕೆ ಬಂದಾಗ ಪೆನ್ನು ನಿಂತಿತು.

ಅವಳು ಬರೆದದ್ದು ಹೀಗಿತ್ತು:

"ನಮ್ಮೂರ ದ್ಯಾಮವ್ವ ನಮ್ಮನ್ನು ನೋಡುತ್ತಿದ್ದಳು. ನಮ್ಮ ಓಣಿಯವರು ಗುಡಿಯ ಒಳಗೆ ಹೋಗುವವರಲ್ಲ. ಅಂಗಳದಲ್ಲಿ ನಿಂತು ಕೈ ಮುಗಿಯುತ್ತಿದ್ದೆವು. ಅಷ್ಟು ದೂರ ನಿಂತರೂ ಅವಳ ಕಣ್ಣು ನಮ್ಮ ಮೇಲೆಯೇ ಇರುತ್ತಿತ್ತು. ನಾನು ಐದನೆಯ ಇಯತ್ತೆಯಲ್ಲಿದ್ದಾಗ ದ್ಯಾಮವ್ವನಿಗೆ ಹೊಸ ಬಣ್ಣ ಹಚ್ಚಿದರು. ಆ ವರ್ಷ ನಮ್ಮವ್ವ ಅಂಗಳದಲ್ಲಿ ಬಹಳ ಹೊತ್ತು ನಿಂತಳು. 'ಯವ್ವಾ, ತಾಯಿ ಈಗ ನಮ್ಮನ್ನ ಯಾಕ ನೋಡವಲ್ಲಳು?' ಎಂದು ನನ್ನನ್ನು ಕೇಳಿದಳು. ಉತ್ತರ ನನಗೆ ಗೊತ್ತಿರಲಿಲ್ಲ. ಅದನ್ನು ಹುಡುಕಿಕೊಂಡು ನಾನು ಚಿತ್ರಕಲೆಗೆ ಬಂದೆ."

ಮುಂದಿನ ಪುಟದಲ್ಲಿ, ತಲೆಮಾರುಗಳಿಂದ ಆ ಮೂರ್ತಿಗೆ ಬಣ್ಣ ಹಚ್ಚುತ್ತಿದ್ದ ರಾಮದುರ್ಗದ ಚಿತ್ರಗಾರರನ್ನು ತಾನು ಭೇಟಿಯಾದದ್ದನ್ನು ಬರೆದಿದ್ದಳು. ಅವರು ಹೇಳಿದ್ದರಂತೆ: ಒಬ್ಬ ಮಾಸ್ತರರು ನೂಲು ಹಿಡಿದು ಅಳೆದು, ಕಣ್ಣು ತಪ್ಪಾಗಿದೆ ಎಂದರು, ಊರು ಅವರ ಮಾತನ್ನು ನಂಬಿತು.

ಆ ಮಾಸ್ತರನು ನಾನು.

ಓದುಗರಿಗೆ ಇದನ್ನು ಮೊದಲಿನಿಂದ ಹೇಳಬೇಕು. ಸಂಪಗಾಂವದ ಆಚೆಗಿನ ನಮ್ಮ ಊರಿನಲ್ಲಿ ಗ್ರಾಮದೇವತೆಯದು ಕಟ್ಟಿಗೆಯ ಮೂರ್ತಿ. ಹನ್ನೆರಡು ವರ್ಷಕ್ಕೊಮ್ಮೆ ಹಳೆಯ ಬಣ್ಣವನ್ನು ಕೆರೆದು ಹೊಸದನ್ನು ಹಚ್ಚಿಸುವುದು ರೂಢಿ. ಹನ್ನೊಂದು ವರ್ಷದ ಹಿಂದೆ ಆ ಸೇವೆಗೆ ಬಂದವರು ಆ ರಾಮದುರ್ಗದ ಮನೆತನದ ಹನಮಂತಪ್ಪ ಚಿತ್ರಗಾರರು. ಶಾಲೆಯ ಹಿಂದಿನ ಖಾಲಿ ಕೋಣೆಯಲ್ಲಿ ಮೂರ್ತಿಯನ್ನು ನೆಲದ ಮೇಲೆ ಕೂರಿಸಿಕೊಂಡು, ಹುಣಸೆ ಬೀಜದ ಅಂಟು ಕಾಸಿ, ಅರಿವೆ ಅಂಟಿಸಿ, ಒಂದೂವರೆ ತಿಂಗಳು ದುಡಿದರು. ದಿನಕ್ಕೆ ಒಂದೇ ಹೊತ್ತು ಊಟ. ಕಾಲಿಗೆ ಚಪ್ಪಲಿಯಿಲ್ಲ. ಎಲ್ಲ ಮುಗಿದ ಮೇಲೆ ಕಣ್ಣು ಬರೆದರು.

ಕಣ್ಣು ಬರೆಯುವುದು ಕಟ್ಟಕಡೆಯ ಕೆಲಸ. ಕಣ್ಣು ಮೂಡಿದ ಮೇಲೆ ಅದು ಕಟ್ಟಿಗೆಯಲ್ಲ, ತಾಯಿ. ಪ್ರತಿಷ್ಠಾಪನೆಯ ಮುಹೂರ್ತ ಬರುವವರೆಗೆ ಅವಳನ್ನು ಕೂತ ಜಾಗದಿಂದ ಯಾರೂ ಎತ್ತುವಂತಿಲ್ಲ.

ಮೂರ್ತಿಯನ್ನು ಪರೀಕ್ಷಿಸಲು ಹಿರಿಯರು ನನ್ನನ್ನು ಕರೆದರು. ನಾನು ಚಿಕ್ಕಂದಿನಲ್ಲಿ ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಓದಿದವನು. ಪ್ರತಿಮೆಯ ಲಕ್ಷಣ ಹೇಳುವ ಶ್ಲೋಕಗಳು ನನಗೆ ಕಂಠಪಾಠ. ಇಷ್ಟು ಯೋಗ್ಯತೆ ಸಾಲದೇ? ಮಡಿಯುಟ್ಟು ಹೋಗಿ ತಾಯಿಯ ಎದುರು ಕುಳಿತೆ. ಹಣೆಯಿಂದ ಗಲ್ಲದವರೆಗೆ ನೂಲು ಹಿಡಿದೆ. ಕಣ್ಣಾಲಿಗಳು ನಡುವಿಗಿಂತ ಎರಡು ಗೋಧಿ ಕಾಳಿನಷ್ಟು ಕೆಳಗಿದ್ದವು. ಕೆಳಗೆ ಬಿದ್ದ ದೃಷ್ಟಿ ಊರಿಗೆ ಅಶುಭವೆಂದು ಗ್ರಂಥ ಹೇಳುತ್ತದೆ. ನಾನೂ ಅದನ್ನೇ ಹೇಳಿದೆ, ಗುಡಿಯ ಹೊರಗಿನ ಕಟ್ಟೆಯ ಮೇಲೆ ನಿಂತು, ಶ್ಲೋಕಸಮೇತ, ಇಡೀ ಊರಿನ ಎದುರು.

ಹನಮಂತಪ್ಪನವರು ಒಂದೇ ಮಾತು ಆಡಿದರು. "ಮಾಸ್ತರ, ತಾಯಿ ನೆಲದ ಮ್ಯಾಲ ಕುಂಡ್ರಾಕಿ ಅಲ್ಲ. ಎದೀಮಟ ಕಟ್ಟಿ ಮ್ಯಾಲ ಕುಂಡ್ರಾಕಿ. ಅಲ್ಲಿ ಕುಂಡ್ರಿಸಿ ನೋಡ್ರಿ."

"ಮುಹೂರ್ತದ ಮೊದಲ ಎತ್ತಾಕ ಬರೂದಿಲ್ಲ. ಶಾಸ್ತ್ರಕ್ಕ ಕಟ್ಟಿಯೇನು, ನೆಲ ಏನು" ಎಂದೆ ನಾನು.

ಕಣ್ಣನ್ನು ಅಳಿಸಬೇಕಾಯಿತು. ಬರೆದವನ ಕೈಯಿಂದಲೇ ಅಳಿಸಬೇಕೆಂದು ಹೇಳಿದವನೂ ನಾನೇ. ಅವರು ಹಸಿ ಅರಿವೆ ತೆಗೆದುಕೊಂಡು ಮೊದಲು ಎಡಗಣ್ಣನ್ನು, ಆಮೇಲೆ ಬಲಗಣ್ಣನ್ನು ಒರೆಸಿದರು. ಅರಿವೆಯನ್ನು ನೆಲಕ್ಕೆ ಹಾಕದೆ, ಮಡಚಿ ಎದೆಯ ಕಿಸೆಯಲ್ಲಿ ಇಟ್ಟುಕೊಂಡು ಹೊರಟುಹೋದರು. ನಾಲ್ಕು ದಿನಗಳಲ್ಲಿ ಬೇರೆ ಊರಿನವನೊಬ್ಬ ಬಂದು ಆಯಿಲ್ ಪೇಂಟ್ ಹಚ್ಚಿದ. ಕಣ್ಣುಗಳು ನನ್ನ ನೂಲಿಗೆ ಸರಿಯಾಗಿ ಕೂತವು. ಊರವರು ನನಗೆ ಶಾಲು ಹೊದಿಸಿದರು.

ಅಂದಿನಿಂದ ಇಷ್ಟು ವರ್ಷ ಪ್ರತಿ ಹುಣ್ಣಿಮೆಗೆ ಆ ಗುಡಿಗೆ ಹೋಗಿದ್ದೇನೆ. ನನಗೇಕೆ ಏನೂ ಕಾಣಲಿಲ್ಲ? ಉತ್ತರ ಸರಳ. ನಾನು ಒಳಗೆ, ತಾಯಿಯ ಕಟ್ಟೆಯ ಬುಡದಲ್ಲಿ ಕೂರುವವನು. (ಅದೂ ಕಣ್ಣು ಮುಚ್ಚಿ.)

ನೋಟ್‌ಬುಕ್ ಓದಿದ ದಿನವೇ ಬಸ್ಸು ಹತ್ತಿ ಊರಿಗೆ ಹೋದೆ. ಗುಡಿಯ ಒಳಗೆ ಹೋಗಲಿಲ್ಲ. ಅರವತ್ತಾರು ವರ್ಷಗಳಲ್ಲಿ ಮೊದಲ ಸಲ ಅಂಗಳದಲ್ಲಿ, ರೇಣುಕಾಳ ಅವ್ವ ನಿಲ್ಲುವ ಜಾಗದಲ್ಲಿ ನಿಂತು ತಲೆಯೆತ್ತಿದೆ. ತಾಯಿ ನನ್ನನ್ನು ನೋಡಲಿಲ್ಲ. ಅಲ್ಲಿದ್ದ ಯಾರನ್ನೂ ನೋಡಲಿಲ್ಲ. ಎಲ್ಲರ ತಲೆಯ ಮೇಲಿಂದ ಅವಳ ದೃಷ್ಟಿ ಹೋಗಿ ಬಾಗಿಲ ಒಳಮೈಯ ತೊಲೆಗೆ ತಾಗುತ್ತಿತ್ತು. ಒಳಗೆ ಇಣುಕಿ ನೋಡಿದೆ. ತೊಲೆಯ ಮೇಲೆ ಬಣ್ಣದ ಸೇವೆ ಮಾಡಿಸಿದ ಮಹನೀಯರ ಹೆಸರಿನ ಫಲಕವಿದೆ. ಅದರಲ್ಲಿ ನನ್ನ ಹೆಸರೂ ಇದೆ.

ಎರಡು ಗೋಧಿ ಕಾಳಿನಷ್ಟು ಅಂತರ. ಹೊರಗೆ ನಿಂತವರ ತನಕ ತಾಯಿಯ ನೋಟವನ್ನು ಕರೆದೊಯ್ಯಲು ಒಂದು ಮನೆತನವು ತಲೆಮಾರುಗಳಿಂದ ಕಾಯ್ದುಕೊಂಡು ಬಂದ ಅಂತರವದು. ಅವರನ್ನು ಹೊರಗೆ ನಿಲ್ಲಿಸಿದವರು ಯಾರೆಂದು ಊರು ಎಂದೂ ಕೇಳಲಿಲ್ಲ. ಊರಿಗೆ ಬುದ್ಧಿ ಹೇಳುತ್ತಿದ್ದ ನಾನಾದರೂ ಕೇಳಿದೆನೇ?

ರೇಣುಕಾ ನೋಟ್‌ಬುಕ್ ಒಯ್ಯಲು ಬಂದಾಗ ಕೇಳಿದೆ. "ಆ ಮಾಸ್ತರ ನಾನಂತ ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ, ಸರ. ರಾಮದುರ್ಗದ ಅಜ್ಜಾರು ಹೆಸರ ಹೇಳಲಿಲ್ಲ. ನಮ್ಮವ್ವ ಹೇಳಿದ್ಲು."

"ಮತ್ತ ನನ್ನ ಕಡೆನೇ ಯಾಕ ತಂದಿ?"

"ಬ್ಯಾರೇದವ್ರು ಓದಿದ್ರ ಅಧ್ಯಾಯ ಛಲೋ ಬಂದೈತಿ ಅಂತಿದ್ರು. ಅಷ್ಟಽ ಆಗತಿತ್ತು. ಬರೂ ವರ್ಷ ದ್ಯಾಮವ್ವಗ ಮತ್ತ ಬಣ್ಣ ಐತ್ರಿ. ಅಜ್ಜಾರು ಕುಂಚ ಹಿಡಿಯೂದಿಲ್ಲ ಅಂತಾರ. ನೀವು ಒಂದ್ಸಲ ಬರ್ರಿ."

ಹೋದೆವು. ಸವದತ್ತಿಯಲ್ಲಿ ಬಸ್ಸು ಬದಲಿಸಿ ರಾಮದುರ್ಗ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ದಾರಿಯುದ್ದಕ್ಕೂ ಕ್ಷಮಾಪಣೆಯ ಮಾತುಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. (ಮಾಸ್ತರ ಬುದ್ಧಿ. ಪಶ್ಚಾತ್ತಾಪಕ್ಕೂ ಪಾಠದ ಟಿಪ್ಪಣಿ.)

ಹನಮಂತಪ್ಪನವರು ಪಡಸಾಲೆಯಲ್ಲಿ ಕುಳಿತು ಮದುವೆಯ ಬಾಸಿಂಗ ಕಟ್ಟುತ್ತಿದ್ದರು. ಎದುರಿಗೆ ಬೇಗಡೆಯ ಹಾಳೆಗಳು, ಅಂಟಿನ ಬಟ್ಟಲು. ನಾನು ಶರಣು ಎಂದೆ. ಅವರು ತಲೆ ಎತ್ತಲಿಲ್ಲ.

"ದನಿ ಗುರುತೈತಿ. ಬರ್ರಿ ಮಾಸ್ತರ, ಕುಂಡ್ರರಿ. ನೂಲ ತಂದೀರೇನು? ಈ ಬಾಸಿಂಗ ಒಂದಿಷ್ಟ ಅಳಿಯೂದಿತ್ತು."

ಒಳಗಿನಿಂದ ಅವರ ಹೆಂಡತಿ, "ಮನೀಗೆ ಬಂದವ್ರಿಗೆ ಹಂಗ ಅನಬಾರದು" ಎಂದರು.

"ಅಂದ್ರೇನಾತು? ಅವ್ರೇನು ನನಗ ಅಂದಿಲ್ಲೇನು?"

ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಹೋದವು. "ತಪ್ಪು ನಂದು, ಹನಮಂತಪ್ಪನವರ. ಅಂಗಳದಾಗ ನಿಂತು ನೋಡಿ ಬಂದೆ" ಎಂದಷ್ಟೇ ಹೇಳಿದೆ.

ಅವರು ಬಾಸಿಂಗವನ್ನು ಕೆಳಗಿಟ್ಟರು. "ನಿಮ್ಮ ಮ್ಯಾಲ ಸಿಟ್ಟಿಲ್ರಿ. ಓದಿದವ್ರು, ಓದಿದಷ್ಟು ಹೇಳಿದ್ರಿ. ಸಿಟ್ಟು ಈ ಕೈ ಮ್ಯಾಲೈತಿ. ಅಳಸು ಅಂದಕೂಡ್ಲೆ ಅಳಸ್ತು. ಒಲ್ಲೆ ಅನಲಿಲ್ಲ."

ಅವರ ಮನೆತನದಲ್ಲಿ ಒಂದು ನಿಯಮವಿದೆ. ತಾನು ಬರೆದ ದೇವರ ಕಣ್ಣನ್ನು ತಾನೇ ಅಳಿಸಿದ ಕೈ, ಮತ್ತೆ ದೇವರಿಗೆ ಬಣ್ಣ ಹಚ್ಚುವಂತಿಲ್ಲ. ನನಗೆ ಅದು ಅಂದು ಗೊತ್ತಿರಲಿಲ್ಲ. ಕೇಳಿದ್ದರೆ ತಾನೇ ಗೊತ್ತಾಗುವುದು? ಮಕ್ಕಳಿಬ್ಬರೂ ಮನೆಗಳ ನೆಲಕ್ಕೆ ಫರಸಿ ಕಲ್ಲು ಹಾಸುವ ಕೆಲಸಕ್ಕೆ ಹೋದರು; ಕಣ್ಣು ಬರೆಯುವುದನ್ನು ಕಲಿತವರು ಯಾರೂ ಇಲ್ಲ.

"ಅಜ್ಜಾರ, ನನಗರ ಕಲಸ್ರಿ" ಎಂದಳು ರೇಣುಕಾ.

"ಈ ಹುಡಿಗಿ ಮೂರ ಸಲ ಬಂದು ಇದನ್ನಽ ಕೇಳಾಕತ್ತೈತ್ರಿ, ಮಾಸ್ತರ. ಕಣ್ಣ ಬರಿಯೂದು ಬಾಯಿಲೆ ಕಲಸೂದಲ್ಲ. ಪಳಗಿದ ಕೈ ನೆಲದ ಮ್ಯಾಲನೂ ಬರೀತೈತಿ; ಕಲಿಯೂ ಕೈ ತಾಯಿನ್ನ ಕಟ್ಟಿ ಮ್ಯಾಲ ಕುಂಡ್ರಿಸಿ, ಮುಂದ ಸ್ಟೂಲ ಇಟ್ಟು ಹತ್ತಿ ಬರೀಬೇಕು. ಇಳದು ಅಂಗಳಕ್ಕ ಹೋಗಿ ನೋಡಬೇಕು. ಮತ್ತ ಹತ್ತಬೇಕು. ತಾಯಿ ಎದರಿಗಿದ್ರನಽ ಬರೂ ವಿದ್ಯಾ ಇದು."

"ಹಾಂಗಾದರ ದಾರಿ?" ಎಂದೆ.

"ದಾರಿ ಒಂದ ಐತ್ರಿ. ಆ ಕಣ್ಣು ಸರಿ ಇದ್ದೂ ಅಂತ ಊರು ಒಪ್ಪಬೇಕು. ಒಪ್ಪಿದ್ರ, ಅಳಸಿದ ಪಾಪ ಈ ಕೈಗೆ ಇಲ್ಲ. ನಾ ಬರತೇನಿ. ಒಂದ ಕಣ್ಣ ನಾ ಬರೀತೇನಿ, ಇನ್ನೊಂದ ಈಕಿ ಕೈಲೆ ಬರಸ್ತೇನಿ." ಸ್ವಲ್ಪ ತಡೆದು ಹೇಳಿದರು, "ಲಗೂ ಮಾಡ್ರಿ. ನನ್ನ ಬಲಗಣ್ಣಿಗೆ ಪೊರಿ ಬಂದೈತಿ. ಎಡಗಣ್ಣೂ ಮಂಜಾಗಾಕತ್ತೈತಿ."

"ನಾನು ಪೇಪರಿನಾಗ ಪ್ರತಿ ವಾರ ಬರೀತೇನಿ. ಇದನ್ನೂ ಬರೀತೇನಿ" ಎಂದೆ.

"ಬರೀರಿ. ಪೇಪರ್ ಓದಾವ್ರಿಗೆ ಗೊತ್ತಾಗತೈತಿ. ಅವತ್ತ ಗುಡಿ ಕಟ್ಟಿ ಮ್ಯಾಲ ನಿಂತು ಬಾಯಿಲೆ ಹೇಳಿದ್ರಿ, ಮಾಸ್ತರ."

ಕಳೆದ ಮಂಗಳವಾರ ದೇವಸ್ಥಾನದ ಕಮಿಟಿ ಸೇರಿತ್ತು. ಏಳು ಜನ. ಐವರು ನನ್ನ ಶಿಷ್ಯರು. ಎದ್ದು ನಿಂತು ಕುರ್ಚಿ ಕೊಟ್ಟರು, ಚಹಾ ತರಿಸಿದರು. ನಾನು ಕೂರಲಿಲ್ಲ. ಅಂದು ನಿಂತ ಕಟ್ಟೆಯ ಮೇಲೆಯೇ ನಿಂತು ಎಲ್ಲವನ್ನೂ ಹೇಳಿದೆ. ಅಳೆದದ್ದು ತಪ್ಪು, ಕಣ್ಣು ಸರಿಯಾಗಿತ್ತು, ಒರೆಸಿದ ಪಾಪ ನನ್ನದು ಎಂದೆ. ರೇಣುಕಾ ತನ್ನ ಅವ್ವನೊಡನೆ ಅಂಗಳದಲ್ಲಿ ನಿಂತಿದ್ದಳು.

ಒಬ್ಬ ಮೆಲ್ಲಗೆ ಕೇಳಿದ. "ಸರ, ತಬ್ಬೇತ ಆರಾಮ ಐತಿಲ್ರಿ?"

"ನನ್ನ ಮಾತು ಬಿಡ್ರಿ. ನೀವಽ ಬಂದು ಅಂಗಳದಾಗ ನಿಂತು ನೋಡ್ರಿ" ಎಂದೆ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅಂಗಳದಾಗ ನಾವ್ಯಾಕ ನಿಂದ್ರೂನ್ರಿ, ಸರ?" ಎಂದ ಇನ್ನೊಬ್ಬ. ಕುಹಕವಿರಲಿಲ್ಲ, ನಿಜವಾಗಿಯೂ ಅವನಿಗೆ ಅರ್ಥವಾಗಿರಲಿಲ್ಲ.

ಅಧ್ಯಕ್ಷನೂ ನನ್ನ ಶಿಷ್ಯನೇ. ಪ್ರತಿ ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕೂರುತ್ತಿದ್ದ ಹುಡುಗ. ಕೈ ಮುಗಿದು ಹೇಳಿದ. "ಸರ, ಆಯಿಲ್ ಪೇಂಟಿನಾಂವ್ಗ ಮಾತು ಕೊಟ್ಟೇವಿ. ಆದ್ರೂ ನೀವು ಹೇಳಿದ್ರ ಬಿಡಸ್ತೇವಿ. ಅವತ್ತ ನೀವು ಶ್ಲೋಕ ತೋರಿಸಿದ್ರಿ, ನಾವು ಒಪ್ಪಿದ್ವಿ. ಆಧಾರ ಇಲ್ಲದ ಮಾತು ಆಡಬಾರದಂತ ನೀವಽ ಕಲಿಸೀರಿ. ಕಣ್ಣ ಕೆಳಗಿರಬೇಕಂತ ಯಾವ ಗ್ರಂಥದಾಗ ಐತಿ, ತೋರಸ್ರಿ. ಈಗಿಂದೀಗ ಠರಾವ ಮಾಡ್ತೇವಿ."

ಮೂರು ದಿನಗಳಿಂದ ಕಪಾಟಿನಲ್ಲಿರುವ ಪುಸ್ತಕಗಳನ್ನೆಲ್ಲ ಹರವಿಕೊಂಡು ಕುಳಿತಿದ್ದೇನೆ. ಎಲ್ಲಿಯೂ ಸಿಕ್ಕಿಲ್ಲ. ಸಿಗುವುದೂ ಇಲ್ಲ. ಆಧಾರವೆಂದು ಇದ್ದದ್ದು ಆ ಎರಡು ಕಣ್ಣುಗಳು ಮಾತ್ರ.

ಅವನ್ನೇ ಒರೆಸಿಹಾಕಿಸಿದವನು ಈಗ ಯಾವ ಗ್ರಂಥ ತೋರಿಸಲಿ?