ಮೂರನೆಯ ಬೇಸಿನ ಮೇಲೆ ಮನೆ

ಗುಂಡ್ಯಾ, ಚಿನ್ನವ್ವಾ, ನೀವು ಬೇಸ್‌ಬಾಲ್ ಆಡುತ್ತಿದ್ದ ಮೈದಾನದ ಕಥೆ ಬರೆದಿಡುತ್ತಿದ್ದೇನೆ. ಬರುವ ವರ್ಷ ಅಲ್ಲಿ ಮನೆಗಳು ಏಳುತ್ತವೆ. ಅವುಗಳಲ್ಲಿ ಒಂದು ನಮ್ಮದು.

ನಿಮ್ಮ ಅಜ್ಜ ಹೋದ ಮೇಲೆ ಡಚ್ಚರ ಈ ದೇಶಕ್ಕೆ ಬಂದ ನನಗೆ ಶನಿವಾರ ನಿಮ್ಮ ಆಟ ನೋಡುವುದೇ ತಿರುಗಾಟವಾಗಿತ್ತು. ಪಕ್ಕದಲ್ಲಿ ಒಬ್ಬ ಡಚ್ ಅಜ್ಜಿ ಕೂರುತ್ತಿದ್ದರು. ಅವರು ಕೈ ತೋರಿಸುತ್ತಾ ಮೈದಾನದ ಹಳೆಯ ಕಥೆಯನ್ನು ಡಚ್ಚಿನಲ್ಲಿ ನಿಧಾನವಾಗಿ ಹೇಳುತ್ತಿದ್ದರು. ನನಗೆ ತಿಳಿಯದ್ದನ್ನು, ಚಿನ್ನವ್ವಾ, ಬಿಡುವಾದಾಗ ನೀನು ಬಿಡಿಸಿ ಹೇಳುತ್ತಿದ್ದೆ.

ಈ ತಂಡ ಮೊದಲು ಆಡಿದ್ದು ಒಬ್ಬ ರೈತನ ಹುಲ್ಲುಗಾವಲಿನಲ್ಲಂತೆ. ಆಟಕ್ಕೆ ಮುಂಚೆ ದನ ಅಟ್ಟಿ ಸಗಣಿ ಎತ್ತಬೇಕು. ಚೆಂಡು ಕಾಲುವೆಗೆ ಬಿದ್ದರೆ ಕೋಲಿಗೆ ಕಟ್ಟಿದ ಬಲೆಯಿಂದ ತೆಗೆಯಬೇಕು. ಅಲ್ಲಿ ಹೆದ್ದಾರಿ ಬಂತು. ಆಮೇಲೆ ಇಟ್ಟಿಗೆ ಭಟ್ಟಿಯ ಹಿಂದಿನ ಬಯಲು. ಅಲ್ಲಿ ಹೆಂಗಸರ ತಂಡ ಹುಟ್ಟಿತು, ಅಜ್ಜಿ ಅದರಲ್ಲಿ ಆಡಿದರು. ಗಂಡಸರು ಆಡಿ ಬಿಟ್ಟ ಹೊತ್ತಷ್ಟೇ ಅವರಿಗೆ. ಅದೂ ಮನೆಗಳಿಗೆ ಹೋಗಿ ಇದು ಮೂರನೆಯದು. ಓಡುವವರು ಮುಟ್ಟಿ ನಿಲ್ಲುವ ಬೇಸುಗಳ ಸುತ್ತಲಿನ ಕೆಂಪು ಮಣ್ಣನ್ನು ಅವರೆಲ್ಲ ಕೈಗಾಡಿಯಲ್ಲಿ ತಂದು ಸುರಿದದ್ದು.

ಇದನ್ನು ಉಳಿಸಿಕೊಳ್ಳಲು ಪುರಸಭೆಗೆ ಅಲೆದು ಸೋತೆ ಎಂದು ಅವರು ಹೇಳುವಾಗ ನಾನು ತಲೆಯಾಡಿಸುತ್ತಿದ್ದೆ. ಅವರು ತಮ್ಮ ಕಂಬಳಿಯ ಅರ್ಧವನ್ನು ನನ್ನ ಮೊಣಕಾಲಿಗೆ ಹೊದಿಸುತ್ತಿದ್ದರು. ಅಷ್ಟರಲ್ಲಾಗಲೇ ಆ ಹೊಸ ಮನೆಗಳಿಗೆ ಚೀಟಿ ಎತ್ತಿ ನಮ್ಮ ಹೆಸರು ಬಂದಿತ್ತು.

“ಆ ಅಜ್ಜಿಗೆ ಹೇಳಿಬಿಡ್ಲೇನ?” ಎಂದು ನಿಮ್ಮ ಅಮ್ಮನನ್ನು ಕೇಳಿದೆ.

“ಬ್ಯಾಡ ಅವ್ವಾ. ಬಾಡಿಗಿ ಮನೀ ಬದಲ್ ಮಾಡಿ ಮಾಡಿ ಸಾಕಾಗೇದ. ಈಗ ಸುಮ್ಮ ಯಾಕ ಅವರ ಮನಸ ಕೆಡಸ್ತಿ?”

ನನಗೂ ಅದೇ ಬೇಕಾಗಿತ್ತು. ಮತ್ತೆ ಹೋಗಿ ಅದೇ ಕಂಬಳಿಯೊಳಗೆ ಕೂತೆ. ಅವರ ಮುಖ ನೋಡಲಾಗದೆ ಚೆಂಡನ್ನೇ ನೋಡುತ್ತಿದ್ದೆ.

ಕಡೆಯ ಆಟದ ದಿನ, ಗುಂಡ್ಯಾ, ನೀನು ಓಡಿಬಂದು ಅವರಿಗೆ ಡಚ್ಚಿನಲ್ಲಿ ಏನೋ ಕೂಗಿದೆ.

“ಏನಂದ್ಯೋ?”

“ನನ್ನ ರೂಮ್ ಥರ್ಡ್ ಬೇಸ್ ಮ್ಯಾಲೇ ಬರ್ತದ ಅಂದೆ, ಅಜ್ಜೀ! ಸೂಪರ್ ಅಲ್ಲಾ?”

ಕಂಬಳಿ ಸರಿಸಿ ಏಳಹೋದೆ. ಅಜ್ಜಿ ನನ್ನ ತೋಳು ಹಿಡಿದು ಕೂರಿಸಿ ಏನೋ ಹೇಳಿದರು. ಚಿನ್ನವ್ವಾ, ನೀನು ಮೆಲ್ಲಗೆ ತಿಳಿಸಿದೆ: “ಇವರ ಮನೀನೂ ಹಂಗಽ ಅಂತ ಅಜ್ಜಿ, ಆ ಭಟ್ಟಿ ಮೈದಾನದ ಮ್ಯಾಲೆ. ಜೋಡಿ ಆಡಿದವರ ಮುಂದ ಹೇಳಾಕ ಆಗಲಾರದ ಒಂದು ಸೀಸನ್ ಪೂರಾ ಇವರು ಆಟಕ್ಕ ಬರಲೇ ಇಲ್ಲಂತ. ‘ನೀವಾದ್ರೂ ಬಂದು ಕುಂತ್ರಿ’ ಅಂತಾರ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಕೂತದ್ದು ಧೈರ್ಯದಿಂದಲ್ಲ, ಎದ್ದುಹೋಗಲೂ ಅಂಜಿಕೆಯಾಗಿ. ಅದನ್ನು ಅವರಿಗೆ ಹೇಳೆಂದು ನಿನಗೆ ಹೇಳಲೂ ನನ್ನಿಂದಾಗಲಿಲ್ಲ.

ಹೊಸ ಮನೆಗೆ ಬಂದವರು ಇಲ್ಲಿ ಮೊದಲು ಏನಿತ್ತು ಎಂದು ಕೇಳಿದರೆ ನೀವಾದರೂ ಬಾಯಿಬಿಟ್ಟು ಹೇಳಿ. ಮರೆತರೆ ನೋಡಿಕೊಳ್ಳಲು ಈ ಹಾಳೆಗಳಿವೆ. ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಇವು ರದ್ದಿಗೆ ಹೋಗದಂತೆ ಜೋಪಾನ ಮಾಡಿರಿ.